ಲಂಡನ್ ಮಂಜು ಬೇಡ, ವೇಮಗಲ್ ಬಸ್ಸು ಸಾಕು

ನಮ್ಮ ಕ್ಲಬ್‌ಗೆ ಬರೋ ಪತ್ತೇದಾರಿ ಕಥೆಗಳಲ್ಲಿ ಯಾವಾಗಲೂ ಲಂಡನ್ ಮಂಜು, ಓವರ್‌ಕೋಟು. ಹಾರರ್ ಅಂದ್ರೆ ಪಾಳು ಬಂಗಲೆ. ಜಾನರ್ ಅಂದ್ರೆ ಈ ಸಾಮಾನುಗಳಲ್ಲ, ಓದುಗರಿಗೆ ಮೊದಲ ಪುಟದಲ್ಲೇ ಕೊಡೋ ಮಾತು ಅನ್ನೋದು ನಮ್ಮ ವಾದ. ಪತ್ತೇದಾರಿ ಬರೆಯೋರು ಸುಳಿವು ಬಚ್ಚಿಟ್ಟು ಕೊನೆಗೆ ಹೊಸ ಕಳ್ಳನನ್ನ ತಂದ್ರೆ ಅದು ಮೋಸ.

ನಮ್ಮ ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನೇ ನೋಡಿ. ಅವರ ‘ರಂಗನ ಮದುವೆ’ ಎನ್‌ಸಿಇಆರ್‌ಟಿಯ 11ನೇ ಕ್ಲಾಸಿನ ಇಂಗ್ಲಿಷ್ ಪುಸ್ತಕದಲ್ಲಿತ್ತು. ಇಂಗ್ಲಿಷ್ ಮೀಡಿಯಂನ ನಮ್ಮಂಥವರಿಗೆ ಮಾಸ್ತಿ ಸಿಕ್ಕಿದ್ದೇ ಅಲ್ಲಿ! ಮದುವೆ ಆಗುತ್ತೆ ಅಂತ ಹೆಸರಲ್ಲೇ ಗೊತ್ತಾಗುತ್ತೆ. ಆದ್ರೂ ಓದ್ತೀವಿ. ಬೆಂಗಳೂರಲ್ಲಿ ಓದಿ ಬಂದ ರಂಗನಿಗೆ ಮದುವೆ ಬೇಡ. ಕಥೆ ಹೇಳೋ ಶಾಮ ಶಾಸ್ತ್ರಿಗಳ ಜೊತೆ ಸೇರಿ ನಾಟಕ ಹೂಡ್ತಾನೆ. ಅಡ್ಡಿ, ಉಪಾಯ, ಮದುವೆ: ಇವತ್ತಿನ ರೊಮ್ಯಾಂಟಿಕ್ ಕಾಮಿಡಿಯ ಅಸ್ಥಿಪಂಜರವೇ. (ಹುಡುಗಿಗೆ ಹನ್ನೊಂದೇ ವರ್ಷ ಅನ್ನೋದು ಮಾತ್ರ ಈಗ ಓದಿದ್ರೆ ಇರಿಸುಮುರಿಸು.) ಆದ್ರೆ ಮೈತುಂಬಾ ಇರೋದು ಹೊಸಹಳ್ಳಿ, ಅಲ್ಲಿನ ಹುಳಿ ಮಾವಿನಕಾಯಿ.

ನಮ್ಮ ಕಡೆ ಸಾಮಾನಿಗೇನು ಬರ? ಸೈನ್ಸ್ ಫಿಕ್ಷನ್ ಬೇಕಾ? 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನ ಪತ್ತೆ ಹಚ್ಚಿದ್ದು ಕೆಜಿಎಫ್ ಗಣಿಯಲ್ಲಿ, ನೆಲದಿಂದ 2 ಕಿ.ಮೀ.ಗೂ ಹೆಚ್ಚು ಆಳದಲ್ಲಿ. ಪತ್ತೇದಾರಿ ಬೇಕಾ? ರೇಟು ಏರಿದ ವಾರ ಕೋಲಾರದ ಮಾರ್ಕೆಟ್‌ಗೆ ಹೊರಟ ಒಂದು ಲೋಡ್ ಟೊಮ್ಯಾಟೊ ತಲುಪಲೇ ಇಲ್ಲ ಅಂತ ಶುರು ಮಾಡಿ. ಹಾರರ್‌ಗೆ ವೇಮಗಲ್ ಫ್ಯಾಕ್ಟರಿಯ ನೈಟ್ ಶಿಫ್ಟ್ ಬಸ್ಸಿದೆ. ಹತ್ತಿದವರು ಮೂವತ್ತು ಜನ. ದಾರಿಯಲ್ಲಿ ಎಲ್ಲೂ ನಿಲ್ಲಿಸಿಲ್ಲ. ಇಳಿದವರು ಮೂವತ್ತೊಂದು.