ತಟ್ಟೆಯಲ್ಲಿ ಜಾರಿದ ಹಿಮ

ಮಕ್ಕಳೇ, ಕಳೆದ ಭಾನುವಾರ ನಮ್ಮನೆಯಲ್ಲಿ ಒಂದು ಬಟ್ಟಲು ಸಕ್ಕರೆ ಹಾಳಾಯಿತು. ಅಜ್ಜಿಯ ಕೋಪ ಇನ್ನೂ ಇಳಿದಿಲ್ಲ.

ಆದದ್ದು ಇಷ್ಟೇ. ಕಾಲೇಜಿಗೆ ಹೋಗುವ ಮೊಮ್ಮಗಳು ಜನವರಿಯಲ್ಲಿ ಗೆಳತಿಯರ ಜೊತೆ ಹಿಮಾಲಯಕ್ಕೆ ಚಾರಣ ಹೊರಟಿದ್ದಾಳೆ. “ಹಿಮ ಕುಸಿದರೆ ಏನಮ್ಮ ಗತಿ?” ಎಂದೆ.

“ತಾತ, ನಮ್ಮ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಬದುಕಿರಲಿಲ್ಲವೇ?” ಎಂದಳು.

ನಿಜ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರು ಹಿಮದಲ್ಲಿ ಹೂತುಹೋದರು. ಬೆಟದೂರಿನ ಹನುಮಂತಪ್ಪನವರೊಬ್ಬರೇ ಉಸಿರಾಡುತ್ತಾ ಸಿಕ್ಕರು. ಫೆಬ್ರುವರಿ 11ರಂದು ಅವರೂ ನಮ್ಮನ್ನು ಅಗಲಿದರು. ಅದು ಅಪರೂಪದಲ್ಲಿ ಅಪರೂಪ. ಸಾಮಾನ್ಯವಾಗಿ ಹಿಮದಡಿ ಸಿಕ್ಕವರಿಗೆ ಇರುವುದು ಹತ್ತು-ಹದಿನೈದು ನಿಮಿಷ, ಆಮೇಲೆ ಉಸಿರುಗಟ್ಟುತ್ತದೆ. ದೂರದಿಂದ ಸಹಾಯ ಬರುವಷ್ಟು ಹೊತ್ತಿಲ್ಲ, ಜೊತೆಯವರೇ ಅಗೆದು ತೆಗೆಯಬೇಕು. ಅದಕ್ಕೇ ಬಲ್ಲವರು ಸಂಕೇತ ಕಳಿಸುವ ಪುಟ್ಟ ಯಂತ್ರ, ಚುಚ್ಚಿ ಹುಡುಕುವ ಉದ್ದನೆಯ ಕೋಲು, ಸಲಿಕೆ ಮೂರನ್ನೂ ಒಯ್ಯುತ್ತಾರೆ.

ಬಾಯಿಮಾತಿಗೆ ಅವಳು ಬಗ್ಗಲಿಲ್ಲ. ದೊಡ್ಡ ತಟ್ಟೆಗೆ ಒರಟು ಬಟ್ಟೆ ಹಾಸಿ, ಸಕ್ಕರೆ ಹರಡಿ, ಮೇಲೆ ಮೈದಾಹಿಟ್ಟು ಸುರಿದು ಅಂಗೈಯಿಂದ ಒತ್ತಿದೆ. ನೋಡಲು ಗಟ್ಟಿ ನೆಲ! ಒಂದು ಅಂಚನ್ನು ಮೆಲ್ಲಗೆ ಎತ್ತಿದೆ. ಏನೂ ಆಗಲಿಲ್ಲ. ಇನ್ನಷ್ಟು ಎತ್ತಿದೆ. ಇದ್ದಕ್ಕಿದ್ದಂತೆ ಹಿಟ್ಟೆಲ್ಲ ಬಿರಿದು ಒಟ್ಟಿಗೇ ಜಾರಿತು.

ಬೆಟ್ಟದಲ್ಲೂ ಹೀಗೆಯೇ. ಕಡುಚಳಿಯಲ್ಲಿ ಒಳಪದರದ ಹಿಮ ಸಕ್ಕರೆಯಂತೆ ಬಿಡಿಬಿಡಿ ಹರಳಾಗುತ್ತದೆ. ಅದರ ಮೇಲೆ ಹೊಸ ಹಿಮ, ಗಾಳಿ ತಂದ ಹಿಮ ಹಲಗೆಯಂತೆ ಕೂರುತ್ತದೆ. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ನಮ್ಮ ಮಹಡಿ ಮೆಟ್ಟಿಲಿನಷ್ಟು ಕಡಿದಾಗಿದ್ದರೂ ಸಾಕು, ಒಬ್ಬರ ಹೆಜ್ಜೆಯ ಭಾರಕ್ಕೇ ಜಾರಬಹುದು. ಮುನ್ಸೂಚನೆಗಳೂ ಉಂಟು: ಕಾಲಿಟ್ಟಾಗ ಒಳಗಿಂದ ‘ಧೊಪ್’ ಎಂಬ ಸದ್ದು, ಹಿಮದ ಮೇಲೆ ಓಡುವ ಬಿರುಕು, ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ, ಹಿಂದಿನ ದಿನ ಬಿದ್ದ ಭಾರಿ ಹಿಮ. ಮರುದಿನ ಆಕಾಶ ತಿಳಿಯಾಗಿದೆಯೆಂದು ನಂಬುವಂತಿಲ್ಲ.

ಮೊಮ್ಮಗಳು ತಟ್ಟೆಯನ್ನೇ ನೋಡುತ್ತಿದ್ದಳು. “ಹಾಗಾದರೆ ಹೋಗಬೇಡವೇ ತಾತ?”

“ಹೋಗು. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಹಿಮಕುಸಿತದ ಮುನ್ನೆಚ್ಚರಿಕೆ ಹೊರಡಿಸುತ್ತದೆ, ಅದನ್ನು ನೋಡು. ಮಾರ್ಗದರ್ಶಿ ‘ಇವತ್ತು ಬೇಡ’ ಎಂದರೆ ವಾದಿಸಬೇಡ. ನಮ್ಮ ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ. ಬೆಟ್ಟದಲ್ಲಿ ತಾಳೆಯಾಗದಿದ್ದರೆ ಮನೆಗೆ ಬಂದುಬಿಡಬೇಕು.”

ಈಗ ಅವಳು ಸಲಿಕೆಯ ಬೆಲೆ ವಿಚಾರಿಸುತ್ತಿದ್ದಾಳೆ. ಚೆಲ್ಲಿದ ಹಿಟ್ಟು-ಸಕ್ಕರೆ ಗುಡಿಸಿದ್ದು ಮಾತ್ರ ನಾನೇ!