ಹಳೆಯ ಕಾರು ಮತ್ತು ಬಾಯಿಮಾತಿನ ಭರವಸೆ

ಮುಂಬಯಿ, ಚೆನ್ನೈ, ಹೈದರಾಬಾದಿನಂಥ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಕಾರು ಈಗ ವೈಭವದ ಕುರುಹಾಗಿ ಉಳಿದಿಲ್ಲ. ವೃದ್ಧ ತಂದೆತಾಯಿಗಳನ್ನು ಆಸ್ಪತ್ರೆಗೆ ಕರೆದೊಯ್ಯಲು, ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋಗಿಬರಲು ಅದು ಬೇಕೆನಿಸುತ್ತದೆ. ಹೊಸ ಕಾರಿನ ಬೆಲೆ ಕೈಗೆಟುಕದಾಗ ಮಧ್ಯಮ ವರ್ಗದವರು ಹಳೆಯ ಕಾರುಗಳ ವ್ಯಾಪಾರಿಯ ಅಂಗಡಿಗೆ ಹೋಗುವುದು ಸಹಜ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಅಲ್ಲಿ ಹೊಸ ಬಣ್ಣ ಬಳಿದುಕೊಂಡು ಸಾಲಾಗಿ ನಿಂತ ಕಾರುಗಳ ಗುಣದೋಷಗಳನ್ನು ಬಲ್ಲವನು ಮಾರುವವನೊಬ್ಬನೇ. ಕೊಳ್ಳುವವನಿಗೆ ಸಿಗುವುದು ಅವನ ಮಾತು ಮಾತ್ರ.

ಈ ಅಸಮತೆಯ ಪರಿಣಾಮವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದಲೇ ವಿವರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದೆಂದು ತಿಳಿಯದ ಗ್ರಾಹಕನು ಎಲ್ಲಕ್ಕೂ ನಡುತರದ ಬೆಲೆಯನ್ನಷ್ಟೇ ಕೊಡಬಲ್ಲ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲೊಪ್ಪುವುದಿಲ್ಲ. ಕ್ರಮೇಣ ಪೇಟೆಯಲ್ಲಿ ಕೆಟ್ಟ ಸರಕೇ ಹೆಚ್ಚುತ್ತದೆ. ಇಂಥ ಚಿಂತನೆಗಾಗಿ ಅವರು 2001ರ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಆದ್ದರಿಂದ ಮೋಸಹೋದವನನ್ನು ಕಂಡು, ಅಗ್ಗದ ಆಸೆಗೆ ಬಿದ್ದನೆಂದು ಹಂಗಿಸುವುದು ನ್ಯಾಯವಲ್ಲ. ದೋಷವು ವ್ಯವಹಾರದ ಸ್ವರೂಪದಲ್ಲಿಯೇ ಅಡಗಿದೆ.

ಹೊರನಾಡ ಕನ್ನಡಿಗನ ಸ್ಥಿತಿಯಂತೂ ಇನ್ನೂ ನಾಜೂಕಾದದ್ದು. ಸ್ವಂತ ಊರಿನಲ್ಲಾದರೆ ಪರಿಚಯದ ಮೆಕ್ಯಾನಿಕ್ ಇರುತ್ತಾನೆ. ಕಾರಿನ ಹಿಂದಿನ ಮಾಲೀಕನನ್ನು ಬಲ್ಲವರೂ ಸಿಗುತ್ತಾರೆ. ಮಹಾನಗರದಲ್ಲಿ ಈ ಆಸರೆಗಳಿಲ್ಲ. ಇಂಥಲ್ಲಿ ವ್ಯಾಪಾರಿಯೋ ದಲ್ಲಾಳಿಯೋ “ನೀವೂ ನಮ್ಮ ಕಡೆಯವರೇ ಏನ್ರೀ?” ಎಂದು ಕನ್ನಡದಲ್ಲಿ ಕೇಳಿಬಿಟ್ಟರೆ ಅರ್ಧ ವ್ಯಾಪಾರ ಮುಗಿದಂತೆಯೇ! ಭಾಷಾಬಾಂಧವ್ಯ ಮೆಚ್ಚತಕ್ಕ ಗುಣ. ಆದರೆ ಎಂಜಿನ್ನಿನ ಸ್ಥಿತಿಗೆ ಅದು ಪ್ರಮಾಣಪತ್ರವಾಗಲಾರದು. ನಮ್ಮವನೆಂಬ ದಾಕ್ಷಿಣ್ಯದಿಂದ ಕಾಗದಪತ್ರ ಕೇಳಲು ಹಿಂಜರಿಯುವುದೇ ಎಷ್ಟೋ ಅನರ್ಥಗಳಿಗೆ ಮೂಲ. ಪ್ರಾಮಾಣಿಕ ವ್ಯಾಪಾರಿಯು ಬರಹದ ಭರವಸೆ ಕೇಳಿದ್ದಕ್ಕೆ ಮುನಿಯಲಾರ. ಮುನಿದರೆ ಅಲ್ಲಿಂದ ಎದ್ದುಬರುವುದೇ ಲೇಸು.

ಬೆಳ್ಳಗಿರುವುದೆಲ್ಲ ಹಾಲಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. 2015ರ ಡಿಸೆಂಬರಿನಲ್ಲಿ ಚೆನ್ನೈ ಜಲಾವೃತವಾಯಿತು. ಇಂಥ ನೆರೆಗಳಲ್ಲಿ ಮುಳುಗಿದ ಕಾರುಗಳು ತೊಳೆದು ಒರೆಸಿಕೊಂಡು ಮತ್ತೆ ಮಾರಾಟಕ್ಕೆ ಬರುವುದುಂಟು. ಒಳಸೇರಿದ ತೇವದಿಂದ ವಿದ್ಯುತ್ ಜೋಡಣೆಗಳು ತಿಂಗಳುಗಳ ಅನಂತರ ತುಕ್ಕು ಹಿಡಿದು ಕೈಕೊಡುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು, ನೆಲಹಾಸನ್ನು ಎತ್ತಿ ನೋಡಿದರೆ ಕೆಸರಿನ ಗುರುತು ಸಿಕ್ಕೀತು. ಮೀಟರು 30,000 ಕಿಲೋಮೀಟರ್ ತೋರಿಸುತ್ತಿದ್ದು ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ, ಅಂಕಿಯನ್ನು ಹಿಂದಕ್ಕೆ ತಿರುಗಿಸಿರಬಹುದೆಂದು ಶಂಕಿಸಿ ಸರ್ವಿಸ್ ದಾಖಲೆಗಳೊಡನೆ ಹೋಲಿಸಬೇಕು. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಿ ನೋಡಬೇಕು. ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಉರಿಯುತ್ತಿದೆಯೆಂದು ಅರ್ಥ. ಬ್ರೇಕು, ಸ್ಟಿಯರಿಂಗುಗಳ ದೋಷವನ್ನು ಮುಚ್ಚಿ ಮಾರಿದಾಗ ಹಣದೊಂದಿಗೆ ಇಡೀ ಕುಟುಂಬದ ಪ್ರಾಣವೂ ಗಂಡಾಂತರಕ್ಕೆ ಸಿಲುಕುತ್ತದೆಂಬುದನ್ನು ಮರೆಯಲಾಗದು.

ಕಾನೂನು ಗ್ರಾಹಕನ ಕೈಬಿಟ್ಟಿಲ್ಲ. 1930ರ ಸರಕು ಮಾರಾಟ ಅಧಿನಿಯಮದ ಪ್ರಕಾರ, ಅಂಥ ಸರಕಿನ ವ್ಯಾಪಾರವನ್ನೇ ನಡೆಸುವವನಿಂದ ವರ್ಣನೆಯನ್ನು ನಂಬಿ ಕೊಂಡ ವಸ್ತುವು ಮಾರಾಟಯೋಗ್ಯ ಗುಣದ್ದಾಗಿರಬೇಕು. ಆದರೆ ಕೊಳ್ಳುವವನು ಪರೀಕ್ಷಿಸಿದಾಗ ಕಣ್ಣಿಗೆ ಬೀಳಬೇಕಾಗಿದ್ದ ದೋಷಗಳಿಗೆ ಈ ರಕ್ಷಣೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಗ್ರಾಹಕನು ತಾನು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಅವಧಿ 2 ವರ್ಷ. 5 ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ, ನೋಂದಾಯಿತ ವಾಹನಗಳ ವ್ಯಾಪಾರಿಯು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆದಿರಬೇಕು. ಅದನ್ನು ತೋರಿಸೆಂದು ಕೇಳುವುದು ಗ್ರಾಹಕನ ಹಕ್ಕಿಗೆ ಸಮಾನ.

ಆದರೆ ‘ಕಂಡೀಷನ್ ಫಸ್ಟ್ ಕ್ಲಾಸ್ ಸಾರ್’ ಎಂಬ ಬಾಯಿಮಾತನ್ನು ಯಾವ ಆಯೋಗದ ಮುಂದೆ ಸಿದ್ಧಪಡಿಸುವುದು? ಕಾರು ಓಡಿದ ದೂರ, ಅಪಘಾತಕ್ಕೋ ನೆರೆಗೋ ಸಿಕ್ಕಿದ್ದುಂಟೇ ಎಂಬುದು, ಬ್ಯಾಂಕಿನ ಸಾಲ ತೀರಿದೆಯೇ ಎಂಬುದು, ದುರಸ್ತಿಯ ಹೊಣೆ ಎಷ್ಟು ತಿಂಗಳು ಯಾರದು ಎಂಬುದು, ಇವೆಲ್ಲವೂ ವ್ಯಾಪಾರಿಯ ಸಹಿಯೊಡನೆ ಒಂದು ಹಾಳೆಯಲ್ಲಿ ಬರಬೇಕು. ಮುಂಗಡ ಕೊಡುವುದು ಆಮೇಲಿನ ಮಾತು.

ಈ ವಿಷಯದಲ್ಲಿ ಕನ್ನಡ ಸಂಘಗಳು ಮಾಡಬಹುದಾದ ಕೆಲಸ ಒಂದಿದೆ. ಮೋಸಹೋದವರು ನಾಲ್ವರ ಮುಂದೆ ನಗೆಪಾಟಲಾದೇವೆಂದು ಸುಮ್ಮನಾಗುತ್ತಾರೆ. ಆ ಮೌನದ ಫಲವಾಗಿ ಅದೇ ಅಂಗಡಿಯಲ್ಲಿ ಇನ್ನೊಬ್ಬ ಸದಸ್ಯ ಮೋಸಹೋಗುತ್ತಾನೆ. ರಾಜ್ಯೋತ್ಸವ, ನಾಟಕ, ಆರೋಗ್ಯ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುವ ಸಂಘಗಳು, ಸದಸ್ಯರು ಬಲ್ಲ ನಂಬಿಕಸ್ಥ ಮೆಕ್ಯಾನಿಕರ ಒಂದು ಪಟ್ಟಿಯನ್ನು ಸಿದ್ಧಪಡಿಸಲಿ; ಸದಸ್ಯರಲ್ಲಿರುವ ವಕೀಲರು ತಿಂಗಳಿಗೊಂದು ಸಂಜೆ ಸಲಹೆಗೆ ಸಿಗುವಂತಾಗಲಿ; ನೊಂದವರು ಸಂಕೋಚವಿಲ್ಲದೆ ಅನುಭವ ಹೇಳಿಕೊಳ್ಳಲಿ. ಪರಸ್ಥಳದಲ್ಲಿ ಕನ್ನಡಿಗನಿಗೆ ಕನ್ನಡಿಗ ಆಗಿಬರಬೇಕಾದದ್ದು ಇಂಥ ಸಂದರ್ಭದಲ್ಲಿಯೇ ಅಲ್ಲವೇ?