ಪ್ರಾಯ ಸಂದ ಆಟಗಾರನನ್ನು ಉಳಿಸಿಕೊಳ್ಳಬೇಕೆ?

ಆಟಗಾರನೊಬ್ಬನಿಗೆ ನಲವತ್ತು ತುಂಬುತ್ತ ಬಂದಿತೆಂದರೆ ಅವನ ಸುತ್ತ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ‘ಇವನ ಕಾಲ ಮುಗಿಯಿತು’ ಎನ್ನುವುದು ಒಂದು. ‘ಇವನಿಲ್ಲದ ತಂಡ ತಂಡವೇ ಅಲ್ಲ’ ಎನ್ನುವುದು ಇನ್ನೊಂದು. ಮೊದಲನೆಯವರು ಪಂಚಾಂಗವನ್ನು ನೋಡುತ್ತಾರೆ, ಎರಡನೆಯವರು ಹಳೆಯ ಚಿತ್ರಪಟಗಳನ್ನು. ಅವನು ಮೈದಾನದಲ್ಲಿ ಮಾಡಬೇಕಾದ ಕೆಲಸವೇನು, ಆ ಕೆಲಸ ದೇಹದಿಂದ ಏನನ್ನು ಬೇಡುತ್ತದೆ ಎಂದು ಕೇಳುವವರು ವಿರಳ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ವಾಗ್ವಾದ ಕಿವಿಗೆ ಬಿದ್ದಾಗಲೆಲ್ಲ ಒಂದು ಸಣ್ಣ ಲೆಕ್ಕವನ್ನು ಮಾಡಿ ತೋರಿಸಬೇಕೆನಿಸುತ್ತದೆ.

ನಮ್ಮ ನಾಡಿನಲ್ಲಿ ಈ ಪ್ರಶ್ನೆ ಸುನಿಲ್ ಛೇತ್ರಿಯವರ ವಿಷಯದಲ್ಲಿ ಎದ್ದಿತು. 1984ರ ಆಗಸ್ಟ್ 3ರಂದು ಹುಟ್ಟಿದ ಇವರು, 2013ರಲ್ಲಿ ಬೆಂಗಳೂರು ಎಫ್‌.ಸಿ. ಕಾಲ್ಚೆಂಡು ತಂಡ ಸ್ಥಾಪಿತವಾದಾಗಲೇ ಅದನ್ನು ಸೇರಿದವರು. 2023-24ರ ಇಂಡಿಯನ್ ಸೂಪರ್ ಲೀಗಿನಲ್ಲಿ ಆ ತಂಡ ಹನ್ನೆರಡರಲ್ಲಿ ಹತ್ತನೆಯ ಸ್ಥಾನಕ್ಕೆ ಕುಸಿಯಿತು. 2024ರ ಜೂನ್ 6ರಂದು ಕಲ್ಕತ್ತೆಯಲ್ಲಿ ಕುವೈತಿನ ವಿರುದ್ಧ ಆಡಿ ಛೇತ್ರಿಯವರು ರಾಷ್ಟ್ರ ತಂಡದಿಂದ ಬೀಳ್ಕೊಂಡರು. ಆಗಲೇ ಅವರ ಗೋಲುಗಳು 94 ಆಗಿದ್ದವು. ತಂಡವೂ ಅವರನ್ನು ಬೀಳ್ಕೊಟ್ಟಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆದರೆ ತಂಡ ಅವರನ್ನು ಉಳಿಸಿಕೊಂಡಿತು. ಮರುವರ್ಷದ ಲೀಗಿನಲ್ಲಿ ಅವರು 14 ಗೋಲು ಹೊಡೆದರು. ಭಾರತೀಯರಲ್ಲಿ ಅಷ್ಟು ಹೊಡೆದವರು ಬೇರೊಬ್ಬರಿರಲಿಲ್ಲ. 2025ರ ಏಪ್ರಿಲ್ 6ರಂದು ಗೋವಾದ ವಿರುದ್ಧ ಉಪಾಂತ್ಯದ ಎರಡನೆಯ ಪಂದ್ಯದಲ್ಲಿ, ತೊಂಬತ್ತು ನಿಮಿಷಗಳೂ ಕಳೆದ ಮೇಲೆ, ತಲೆಯಿಂದ ಚೆಂಡನ್ನು ಹೊಡೆದು ತಂಡವನ್ನು ಅಂತಿಮ ಪಂದ್ಯಕ್ಕೆ ಒಯ್ದವರೂ ಅವರೇ.

ಇದನ್ನು ಪವಾಡವೆಂದು ಕೊಂಡಾಡುವ ಅಗತ್ಯವಿಲ್ಲ. ಗೋಲಿನ ಮುಂದೆ ಐದು ಮೀಟರು ದೂರದಲ್ಲಿ ಚೆಂಡು ಬೀಳಲಿದೆ ಎಂದುಕೊಳ್ಳೋಣ. ಎಳೆಯ ಕಾವಲುಗಾರನೊಬ್ಬ ನಿಂತಲ್ಲಿಂದ ಸೆಕೆಂಡಿಗೆ ಸೆಕೆಂಡಿಗೆ 4 ಮೀಟರು ವೇಗೋತ್ಕರ್ಷದಿಂದ ಓಡಿದರೆ ಅಲ್ಲಿಗೆ ತಲಪಲು 1.58 ಸೆಕೆಂಡು ಬೇಕು. ಪ್ರಾಯ ಸಂದವನ ವೇಗೋತ್ಕರ್ಷ ಶೇಕಡ ಹತ್ತರಷ್ಟು ಕುಗ್ಗಿದೆ, ಅಂದರೆ 3.6 ಆಗಿದೆ ಎನ್ನೋಣ. ಅವನಿಗೆ 1.67 ಸೆಕೆಂಡು ಬೇಕು. ನಷ್ಟವಾದುದು ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಮೆ! ಏಕೆಂದರೆ ಇಲ್ಲಿ ಕಾಲವು ವೇಗೋತ್ಕರ್ಷದ ವರ್ಗಮೂಲವನ್ನು ಅನುಸರಿಸುತ್ತದೆ; ದೇಹ ಹತ್ತು ಪಾಲು ಸೋತರೆ ಗಡಿಯಾರ ಐದೇ ಪಾಲು ಸೋಲುತ್ತದೆ. ಇನ್ನು ಚೆಂಡು ಎಲ್ಲಿ ಬೀಳುವುದೆಂಬುದನ್ನು ಒದೆಯುವವನ ಸೊಂಟದ ತಿರುವಿನಿಂದಲೇ ಊಹಿಸಿ, ಅನುಭವಿಯು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಮೊದಲೇ ಹೊರಟನೆನ್ನಿ. ಎಳೆಯನು ಇನ್ನೂ ಎರಡಡಿ ದೂರದಲ್ಲಿರುವಾಗಲೇ ಇವನು ಚೆಂಡಿನ ಬಳಿ ಇರುತ್ತಾನೆ. ಛೇತ್ರಿಯವರ ಎತ್ತರ ಐದು ಅಡಿ ಏಳು ಅಂಗುಲದ ಆಸುಪಾಸು. ಆರಡಿಯ ಕಾವಲುಗಾರರ ನಡುವೆ ಅವರು ತಲೆಯಿಂದ ಗೋಲು ಹೊಡೆಯುವುದರ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಹಾಗಾದರೆ ಹಳಬರನ್ನೆಲ್ಲ ಉಳಿಸಿಕೊಳ್ಳಬೇಕೆ? ಇಲ್ಲ. ಮೈಗೆ ಮೈ ತಾಗಿಸಿ ಸಾಲನ್ನು ಸೀಳಿಕೊಂಡು ಹೋಗುವ ಕೆಲಸದಲ್ಲಿ ಲೆಕ್ಕ ಬೇರೆಯೇ ಆಗುತ್ತದೆ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಯೊಳಕ್ಕೆ ನುಗ್ಗುವವನೊಬ್ಬನಿರುತ್ತಾನೆ. ಅಲ್ಲಿ ಎಮಿಟ್ ಸ್ಮಿತ್ ಎಂಬ ಮಹಾ ಆಟಗಾರನನ್ನೇ ಡಲ್ಲಾಸ್ ತಂಡ 2003ರಲ್ಲಿ, ಅವನ 33ನೆಯ ವಯಸ್ಸಿನಲ್ಲಿ, ಕೈಬಿಟ್ಟಿತು. ಅಷ್ಟು ದೂರ ಹೋಗುವುದೇಕೆ, ನಮ್ಮ ರಾಯಚೂರು ಸೀಮೆಯ ಹುಡುಗರೆಲ್ಲ ಬಲ್ಲ ಕಬಡ್ಡಿಯನ್ನೇ ನೋಡಬಹುದು. 70 ಕಿಲೋಗ್ರಾಮಿನ ದಾಳಿಗಾರ ಸೆಕೆಂಡಿಗೆ 6 ಮೀಟರು ವೇಗದಿಂದ ನಡುಗೆರೆಯತ್ತ ಹಿಂತಿರುಗುವಾಗ ಅವನ ಚಲನಶಕ್ತಿ 1260 ಜೂಲ್. ಹಿಡಿದ ಕೈಗಳು 600 ನ್ಯೂಟನ್ ಬಲದಿಂದ ಹಿಂದಕ್ಕೆಳೆದರೆ ಅವನು 2.1 ಮೀಟರು ಸಾಗಿ ನಿಲ್ಲುತ್ತಾನೆ. ವೇಗ ಹತ್ತು ಪಾಲು ಇಳಿದು 5.4 ಆದರೆ ಶಕ್ತಿ 1020 ಜೂಲಿಗೆ ಬೀಳುತ್ತದೆ. ಸಾಗುವ ದೂರ 1.7 ಮೀಟರು ಮಾತ್ರ. ಕಾಲಿನ ಒತ್ತನ್ನು ಬಿಟ್ಟು ಮಾಡಿದ ಒರಟು ಲೆಕ್ಕವಿದು, ನಿಜ. ಆದರೂ ಆ ನಲವತ್ತು ಸೆಂಟಿಮೀಟರಿನಲ್ಲಿ ಗೆರೆ ಮುಟ್ಟುವ ಬೆರಳು ಹಿಂದೆಯೇ ಉಳಿದುಬಿಡುತ್ತದೆ. ಇಲ್ಲಿ ವೇಗದ ವರ್ಗ ಆಳುತ್ತದೆ: ದೇಹ ಹತ್ತು ಪಾಲು ಸೋತರೆ ಆಟ ಹತ್ತೊಂಬತ್ತು ಪಾಲು ಸೋಲುತ್ತದೆ.

ಪ್ರದೀಪ್ ನರ್ವಾಲ್ ಅವರ ಕಥೆಯನ್ನು ಈ ಬೆಳಕಿನಲ್ಲಿ ನೋಡಬೇಕು. 2017ರ ಪ್ರೊ ಕಬಡ್ಡಿಯಲ್ಲಿ 369 ದಾಳಿ ಅಂಕಗಳನ್ನು ಗಳಿಸಿದ್ದ ಇವರನ್ನು ಬೆಂಗಳೂರು ಬುಲ್ಸ್ ತಂಡ 2024ರ ಹರಾಜಿನಲ್ಲಿ 70 ಲಕ್ಷ ರೂಪಾಯಿಗೆ ಕೊಂಡಿತು. ಆಗ ಅವರಿಗೆ 27 ವರ್ಷ. ತಂಡ ಎರಡೇ ಪಂದ್ಯ ಗೆದ್ದು ಕಟ್ಟಕಡೆಗೆ ಉಳಿಯಿತು. ಮರುವರ್ಷದ ಹರಾಜಿನಲ್ಲಿ ಅವರನ್ನು ಕೊಳ್ಳುವವರೇ ಇಲ್ಲದೆ ನಿವೃತ್ತರಾದರು. ತಂಡದ ಸೋಲನ್ನು ಒಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ನಲವತ್ತರ ಛೇತ್ರಿಯವರಿಗಿಂತ ಇಪ್ಪತ್ತೇಳರ ನರ್ವಾಲರು ತಮ್ಮ ಆಟದ ಮಟ್ಟಿಗೆ ‘ಹಳಬ’ರಾಗಿದ್ದರೆಂಬುದನ್ನು ಪಂಚಾಂಗ ಹೇಳಲಾರದು.

ವರ್ಗಮೂಲದ ಪಕ್ಷದಲ್ಲಿರುವವರಿಗೂ ಒಂದು ಕಟ್ಟುಪಾಡು ಉಂಟು. ವಯಸ್ಸಾದಂತೆ ಸ್ನಾಯುಗಳಲ್ಲಿ ಶೀಘ್ರವಾಗಿ ಸಂಕುಚಿಸುವ ತಂತುಗಳೇ ಹೆಚ್ಚಾಗಿ ಕೃಶವಾಗುತ್ತವೆ. ಪಂದ್ಯದ ದಣಿವು ಆರಲು ಹೆಚ್ಚು ದಿನ ಬೇಕಾಗುತ್ತದೆ. ಒಂದು ಓಟವನ್ನು ಚೆನ್ನಾಗಿ ಓಡಬಲ್ಲವನು ಇಪ್ಪತ್ತನೆಯದನ್ನು ಹಾಗೆಯೇ ಓಡಲಾರ. ಆದುದರಿಂದ ಅವನನ್ನು ಉಳಿಸಿಕೊಳ್ಳುವುದೆಂದರೆ ಪ್ರತಿ ಪಂದ್ಯದ ತೊಂಬತ್ತು ನಿಮಿಷವನ್ನೂ ಅವನಿಗೆ ಬರೆದುಕೊಡುವುದಲ್ಲ. ಅವನ ಮುಖ ಕಂಡರೆ ಟಿಕೆಟು ಮಾರಾಟವಾಗುತ್ತದೆಂಬ ಕಾರಣಕ್ಕೆ ಹಾಗೆ ಮಾಡುವ ತಂಡಗಳಿಗೆ ನಮ್ಮ ಲೆಕ್ಕದಿಂದ ಉಪಯೋಗವಿಲ್ಲ.

ರಾಷ್ಟ್ರ ತಂಡದ ವಿಚಾರದಲ್ಲಿ ನಮ್ಮ ಅಭಿಪ್ರಾಯ ಬೇರೆ. 2025ರ ಮಾರ್ಚಿನಲ್ಲಿ ಛೇತ್ರಿಯವರನ್ನು ಮತ್ತೆ ಕರೆತರಲಾಯಿತು. ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧ ಅವರು 95ನೆಯ ಗೋಲನ್ನೂ ಹೊಡೆದರು. ಆದರೆ ಆರೇ ದಿನಗಳಲ್ಲಿ ಬಾಂಗ್ಲಾದೇಶದೊಡನೆ ಪಂದ್ಯ ಗೋಲಿಲ್ಲದೆ ಮುಗಿಯಿತು. ಅಕ್ಟೋಬರಿನಲ್ಲಿ ಸಿಂಗಪುರದೆದುರು ಸೋತು 2027ರ ಏಷ್ಯಾ ಕಪ್ಪಿನ ಹಾದಿಯೂ ಮುಚ್ಚಿತು. ಲೀಗಿನ ತಂಡ ಈ ವರ್ಷದ ಬೆಳೆಯನ್ನು ನೋಡಿಕೊಳ್ಳಬಹುದು; ದೇಶದ ತಂಡ ಮುಂದಿನ ಹತ್ತು ವರ್ಷದ ಬೀಜವನ್ನು ನೋಡಬೇಕು. ಭಾರತೀಯರಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ನಲವತ್ತರವರು ಎಂಬ ಮಾತಿನಲ್ಲಿ ಅವರ ಹೊಗಳಿಕೆ ಎಷ್ಟಿದೆಯೋ ಉಳಿದವರನ್ನು ಬೆಳೆಸದವರ ತೆಗಳಿಕೆಯೂ ಅಷ್ಟೇ ಇದೆ.

ನಮ್ಮ ಯರಗೇರಾದ ಕಡೆ ರೈತರು ಎಳೆಯ ಹೋರಿಯನ್ನು ಉಳುಮೆಗೆ ಪಳಗಿಸುವಾಗ ಸಾಲು ಬಲ್ಲ ಎತ್ತಿನ ಜೊತೆಯಲ್ಲಿ ನೊಗಕ್ಕೆ ಹೂಡುತ್ತಾರೆ. ಹಳೆಯ ಎತ್ತನ್ನು ಮಾರಿದ ಮೇಲೆ ಹೋರಿಗೆ ಕಲಿಸುವವರಿಲ್ಲ. ಹಳೆಯದನ್ನೇ ದಿನವೆಲ್ಲ ಉಳಿಸಿದರೆ ಹೋರಿ ಕಲಿಯುವುದಿಲ್ಲ. ಕಾಲ್ಚೆಂಡು ತಂಡಗಳು ಕಡೆಯ ಮೂವತ್ತು ನಿಮಿಷ ಹಳಬನನ್ನು ಕಣಕ್ಕಿಳಿಸಿ, ಆಗ ಇಪ್ಪತ್ತರ ಹುಡುಗನೊಬ್ಬನನ್ನು ಹೊರಗೆ ಕರೆಯದೆ ಅವನ ಪಕ್ಕದಲ್ಲಿಯೇ ಆಡಲು ಬಿಡಲಿ. ಯಾವಾಗ ಹೊರಡಬೇಕೆಂಬ ಆ ಐದನೆಯ ಒಂದು ಪಾಲಿನ ವಿದ್ಯೆಯನ್ನು ತೀರ ಹತ್ತಿರದಿಂದ ನೋಡಿಯೇ ಕಲಿಯಬೇಕು.